ಕಲ್ಯೋ

ಚಾಪೆಯ ಮೇಲೆ ಕಾಲಿಡುವ ಮೊದಲೇ ಸಿದ್ದಾರೂಢನ ಕಣ್ಣು ಅಪ್ಪನನ್ನು ಹುಡುಕಿತು. ಸಿಕ್ಕಿಬಿಟ್ಟ. ಸದಾಶಿವ ಪೇಠದ ಶಾಲೆಯ ಆ ಹಾಲ್‌ನಲ್ಲಿ, ಟೇಕ್ವಾಂಡೋ ಬೆಲ್ಟ್ ಪರೀಕ್ಷೆ ನೋಡಲು ಬಂದ ತಂದೆ ತಾಯಿಗಳ ನಡುವೆ, ಮೊದಲ ಬೆಂಚಿನಲ್ಲೇ ಫಕೀರಪ್ಪ ಕೂತಿದ್ದ. ಒಂದು ಕೆನ್ನೆ ಉಬ್ಬಿತ್ತು. ಎಲೆ ಹಾಕಿಕೊಂಡು ಕೂಗುವುದಕ್ಕೆ ಗಂಟಲು ಹದ ಮಾಡಿಕೊಳ್ಳುತ್ತಿದ್ದಾನೆ ಅನ್ನಿಸಿ ಹದಿಮೂರು ವರ್ಷದ ಹುಡುಗ ಚಾಪೆಯ ಅಂಚಿನಲ್ಲೇ ನಿಂತುಬಿಟ್ಟ.

ಎದುರಾಳಿಯ ಹೆದರಿಕೆಯಲ್ಲ ಅದು. ಎದುರಿಗಿದ್ದವನು ಸ್ವಪ್ನಿಲ್, ಶಾಲೆಯಲ್ಲಿ ಒಂದೇ ಬೆಂಚಿನ ಗೆಳೆಯ. ಮೂರು ವರ್ಷದಿಂದ ಒಬ್ಬರನ್ನೊಬ್ಬರು ಒದ್ದುಕೊಂಡೇ ಬೆಳೆದವರು. ಹೆದರಿಕೆ ಒಂದು ಮಾತಿನದು. ಈ ಆಟದ ಅಪ್ಪಣೆಗಳೆಲ್ಲ ಕೊರಿಯನ್ ಭಾಷೆಯವು. 'ಸಿಜಾಕ್' ಅಂದರೆ ಶುರು ಮಾಡು. 'ಕಲ್ಯೋ' ಅಂದರೆ ಬಿಡು, ದೂರ ಸರಿ. ಕಲ್ಯೋ ಅಂದಮೇಲೆ ಎತ್ತಿದ ಕಾಲನ್ನೂ ಇಳಿಸಿಬಿಡಬೇಕು. ಕಲಿಸುವ ಸ್ನೇಹಲ್ ಮೇಡಂ ಮೂರು ವರ್ಷ ಇದನ್ನೇ ಅರೆದು ಕುಡಿಸಿದ್ದರು. ಮನೆಯಲ್ಲಿ ಫಕೀರಪ್ಪನದೂ ಒಂದೇ ಮಾತು. ಶಿವಾಜಿನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಆತ, ಮಗ ಚಹಾ ಚೆಲ್ಲಿದರೂ, ಪಕ್ಕದ ಮನೆಯ ಹುಡುಗನಿಗೆ ಎರಡು ಮಾರ್ಕ್ಸ್ ಹೆಚ್ಚು ಬಂದರೂ ಓಣಿಗೆಲ್ಲ ಕೇಳುವಂತೆ ಗುಡುಗುತ್ತಿದ್ದ: "ಮಂದೀನ್ನ ನೋಡಿ ಕಲ್ಯೋ! ಕಲ್ಯೋ ಸಿದ್ದ್ಯಾ!"

ಆ ಕಲ್ಯೋ ಯಾವುದು, ಈ ಕಲ್ಯೋ ಯಾವುದು, ಪಾಪ ಕಿವಿಗೇನು ಗೊತ್ತಾಗಬೇಕು? ಹೋದ ತಿಂಗಳು ಅಭ್ಯಾಸ ನೋಡಲು ಬಂದ ಅಪ್ಪ ಬಾಗಿಲಲ್ಲೇ ನಿಂತು ಹಾಗೆ ಕೂಗಿದ್ದೇ ತಡ, ಸಿದ್ದಾರೂಢನ ಕೈಗಳು ತಾವಾಗಿ ಕೆಳಗಿಳಿದಿದ್ದವು. ಸ್ವಪ್ನಿಲನ ಒದೆ ದವಡೆಗೆ ಬಿದ್ದು ಎರಡು ದಿನ ಬರೀ ಗಂಜಿ ಕುಡಿದಿದ್ದ. ಕನ್ನಡ ತಿಳಿಯದ ಮೇಡಂಗೆ ಇದನ್ನು ಹೇಳಿದರೆ ನಕ್ಕಾರು. ಅಪ್ಪನಿಗೆ ಹೇಳುವ ಧೈರ್ಯ ಅವನಿಗಿಲ್ಲ. ಕಡೆಗೆ ಅವ್ವನ ಹತ್ತಿರ ಹೇಳಿಕೊಂಡ.

"ನೀ ಆಡು ಹೋಗು. ಅವರಿಗೆ ನಾ ಹೇಳ್ತೀನಿ," ಅಂದಿದ್ದಳು ಶಿವಬಸವ್ವ.

ಅವ್ವ ಹೇಳುವುದು, ಅಪ್ಪ ಕೇಳುವುದು! ಆದ ಹಾಗೇ ಇತ್ತು. ಸಿದ್ದಾರೂಢ ತಾನೇ ಒಂದು ಉಪಾಯ ಮಾಡಿಕೊಂಡ. ಹೆಣ್ಣು ದನಿಯಲ್ಲಿ ಕಲ್ಯೋ ಕೇಳಿದರೆ ನಿಲ್ಲಬೇಕು, ಅದು ಮೇಡಂ. ಗಂಡು ದನಿಯಲ್ಲಿ ಕೇಳಿದರೆ ನಿಲ್ಲಬಾರದು, ಅದು ಅಪ್ಪ. ತಿಂಗಳಿಡೀ ಕನ್ನಡಿಯ ಮುಂದೆ ನಿಂತು, ಅಪ್ಪನಂತೆ ದನಿ ಒರಟು ಮಾಡಿ ತನಗೆ ತಾನೇ "ಕಲ್ಯೋ" ಅಂದುಕೊಂಡು, ಕೇಳಿಯೂ ಕೇಳದವನಂತೆ ಗಾಳಿಗೆ ಒದ್ದು ಒದ್ದು ರೂಢಿ ಮಾಡಿದ್ದ.

ಈಗ ನೋಡಿದರೆ ಚಾಪೆಯ ನಡುವೆ ಮೇಡಂ ಇಲ್ಲ. ಬೆಳಗಿನ ಬಸ್ಸಿಗೆ ಇಂದಾಪುರದಿಂದ ಬಂದ ಪರೀಕ್ಷಕರು ನಿಂತಿದ್ದಾರೆ. ದಪ್ಪ ಮೀಸೆ, ತಂಬಾಕು ತಿಂದು ಕೆಟ್ಟ ಗಂಟಲು.

"ಮೇಡಂ, ತುಮ್ಹೀ ನಾಹೀ?" ನೀವಿಲ್ಲವೇ ಎಂದು ಹುಡುಗ ಕೇಳಿದ.

"ಆಜ್ ಸರ್ ಆಹೇತ್. ಘಾಬರೂ ನಕೋಸ್," ಇವತ್ತು ಸರ್ ಇದ್ದಾರೆ, ಗಾಬರಿಯಾಗಬೇಡ ಎಂದು ಮೇಡಂ ಬೆನ್ನು ತಟ್ಟಿ ಕಳಿಸಿದರು. ಹೇಳಿಬಿಡಲೇ ಅಂದುಕೊಂಡ. ಏನಂತ ಹೇಳುವುದು? ಸರ್, ನಿಮ್ಮ ದನಿ ನಮ್ಮಪ್ಪನ ದನಿಯ ಹಾಗಿದೆ ಅಂತಲೇ? ತಲೆ ಬಗ್ಗಿಸಿ ಚಾಪೆಯ ನಡುವೆ ಹೋಗಿ ನಿಂತ.

"ಸಿಜಾಕ್!"

ಮೊದಲ ಸುತ್ತು ಹೇಗೋ ಕಳೆಯಿತು. ಪರೀಕ್ಷಕರ ಬಾಯನ್ನೇ ನೋಡುತ್ತ ಆಡಿದ. ಅವರ ತುಟಿ ಅಲ್ಲಾಡಿದರೆ ನಿಂತ. ಅದರಿಂದಾಗಿ ಎದೆಗೆ ಎರಡು ಒದೆ ತಿಂದ. "ಅರೇ, ಮಾಝ್ಯಾಕಡೇ ಬಘ್," ನನ್ನ ಕಡೆ ನೋಡೋ ಅಂತ ಸ್ವಪ್ನಿಲ್ ನಕ್ಕ. ಎರಡನೇ ಸುತ್ತಿನಲ್ಲಿ ಅವನು ಬಳಸಿಕೊಂಡು ಬಂದಂತೆ ಸಿದ್ದಾರೂಢನೂ ತಿರುಗಬೇಕಾಯಿತು. ಪರೀಕ್ಷಕರು, ಬೆಂಚು, ಎರಡೂ ಬೆನ್ನಿಗೆ ಬಿದ್ದವು. ಅಷ್ಟರಲ್ಲಿ ಸ್ವಪ್ನಿಲನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಗಲ್ಲದ ಕೆಳಗೆ ಜೋತಾಡಿತು.

"ಕಲ್ಯೋ!"

ಗಂಡು ದನಿ. ಬೆನ್ನ ಹಿಂದಿನಿಂದ. ಬಂತಪ್ಪಾ ಬಂತು, ಅಂದಿತು ಹುಡುಗನ ಜೀವ. ಸ್ವಪ್ನಿಲ್ ಎರಡೂ ಕೈ ಇಳಿಸಿದ್ದು ಕಂಡಿತು, ಪಟ್ಟಿ ಬಿಗಿಯಲು ತಲೆ ಬಾಗಿಸಿದ್ದೂ ಕಂಡಿತು. ಆದರೆ ತಿಂಗಳಿಡೀ ಕನ್ನಡಿಯ ಮುಂದೆ ಪಾಠ ಕಲಿತ ಕಾಲು ಆಗಲೇ ಎದ್ದಿತ್ತು.

ಹೆಲ್ಮೆಟ್ ಒಂದು ಕಡೆ ಉರುಳಿತು, ಸ್ವಪ್ನಿಲ್ ಒಂದು ಕಡೆ. ಅವನ ತಲೆ ಚಾಪೆಯ ಅಂಚು ದಾಟಿ ಶಹಾಬಾದ್ ಕಲ್ಲಿನ ನೆಲಕ್ಕೆ ಬಡಿದ ಸದ್ದು ಹಾಲ್‌ನಲ್ಲಿ ಎಲ್ಲರಿಗೂ ಕೇಳಿತು. ಸ್ನೇಹಲ್ ಮೇಡಂ ಓಡಿ ಬಂದು ಕೆನ್ನೆ ತಟ್ಟಿದರು, ನೀರು ಚಿಮುಕಿಸಿದರು. ಕಣ್ಣು ತೆರೆಯಲಿಲ್ಲ. ಯಾರೋ ರಿಕ್ಷಾ ಕರೆಯಲು ಓಡಿದರು. "ಐಕೂ ಆಲಂ ನಾಹೀ ಕಾ ತುಲಾ?" ಕೇಳಿಸಲಿಲ್ಲವೇನೋ ನಿನಗೆ ಎಂದು ಪರೀಕ್ಷಕರು ಸಿದ್ದಾರೂಢನ ಭುಜ ಹಿಡಿದು ಅಲುಗಿಸಿದರು.

ಹುಡುಗ ಬೆಂಚಿನ ಕಡೆ ಬೊಟ್ಟು ಮಾಡಿದ. "ಅಪ್ಪಾ, ನೀವ ಒದರಿದ್ರಿ! ಕಲ್ಯೋ ಅಂತ ನೀವ ಒದರಿದ್ರಿ!"

ಫಕೀರಪ್ಪ ಎದ್ದು ಬಂದ. ಮಾತಾಡಹೋದವನು ತಡೆದು, ಮೊದಲು ಅಂಗೈಗೆ ಏನನ್ನೋ ಉಗುಳಿದ. ಒಂದು ಗೋಟಡಿಕೆ. ಹಲ್ಲಿನ ಗುರುತೂ ಇಲ್ಲದೆ ಇಡಿಯಾಗಿತ್ತು.

"ಬಾಯಿ ಬಿಡಬ್ಯಾಡ್ರಿ ಅಂತ ನಿಮ್ಮವ್ವ ಇದನ್ನ ಬಾಯಾಗ ಇಟ್ಟು ಕಳಿಸ್ಯಾಳೋ," ಅಂದ ಫಕೀರಪ್ಪ, ಒದ್ದೆ ಅಡಿಕೆಯನ್ನು ಮಗನ ಮುಂದೆ ಹಿಡಿದು. "ಮನಿ ಬಿಟ್ಟಾಗಿಂದ ನಾ ಒಂದ ಮಾತೂ ಆಡಿಲ್ಲೋ, ಸಿದ್ದ್ಯಾ."