ಮಗ್ಗದ ಎಡ್ನಾ

ಹುಡುಗಿ ಬಾಯಿ ಬಿಡಲಿಲ್ಲ. ಲಂಡನ್ನಿನ ಸ್ಟುಡಿಯೋದ ದೀಪಗಳು ಮುಖಕ್ಕೆ ರಾಚುತ್ತಿದ್ದವು, ಕ್ಯಾಮೆರಾಗಳು ಕಣ್ಣು ನೆಟ್ಟು ನಿಂತಿದ್ದವು, ದೇಶದ ಮಕ್ಕಳೆಲ್ಲ ಬ್ರೆಡ್ಡು ಜಾಮು ಹಿಡಿದು ಟಿವಿಯ ಮುಂದೆ ಕೂತಿದ್ದರು. ಮರದ ಅಟ್ಟೆಯ ಬೂಟು ಹಾಕಿ ಕುಣಿದು ತೋರಿಸಲು ಉತ್ತರದ ಮಿಲ್ಲುಗಳ ಸೀಮೆಯ ಬರ್ನ್‌ಲಿ ಊರಿನಿಂದ ಬಂದಿದ್ದ ಎಂಟು ವರ್ಷದ ಬೆರಿಲ್ ಮಾತ್ರ ಕಂಬದಂತೆ ನಿಂತುಬಿಟ್ಟಿದ್ದಳು.

"ನಾಚಿಕೆಯೇ ಬೆರಿಲ್? ನಿನ್ನ ನೃತ್ಯಕ್ಕಾಗಿ ನಾವೆಲ್ಲರೂ ಕಾಯುತ್ತಿದ್ದೇವೆ," ಎಂದ ಕಾರ್ಯಕ್ರಮ ನಡೆಸುವ ಏಡ್ರಿಯನ್ ವೇಲ್, ಇಸ್ತ್ರಿ ಹಾಕಿದಂಥ ಮಾತಿನಲ್ಲಿ. ಹುಡುಗಿ ತಲೆ ತಗ್ಗಿಸಿ ಬೂಟಿನ ತುದಿ ನೋಡತೊಡಗಿದಳು.

ಕಂಟ್ರೋಲ್ ರೂಮಿನ ಗಾಜಿನ ಹಿಂದೆ, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಎಡ್ನಾ ಮಡಿಲಿನ ಚೀಲವನ್ನು ಅವುಚಿ ಹಿಡಿದಳು. ಏಡ್ರಿಯನ್ ವೇಲ್ ಅವಳ ಮಗ; ಅವನ ಕಾರ್ಯಕ್ರಮ ನೋಡಲೆಂದೇ ಊರಿನಿಂದ ಬಂದಿದ್ದಳು. ಅವಳಿಟ್ಟ ಹೆಸರು ವಿಲ್ಫ್. ಹದಿನೇಳಕ್ಕೆ ನಾಟಕ ಕಂಪನಿ ಸೇರಿದವನು ಮುಂದೆ ಟಿವಿಯಲ್ಲಿ ಪೊಲೀಸನಾದ, ಕಳ್ಳನಾದ, ಎರಡು ಸಲ ಹೆಣವೂ ಆದ. ಕೊನೆಗೆ ಈ ಮಕ್ಕಳ ಕಾರ್ಯಕ್ರಮ ಕೈಹಿಡಿದು ಅವನನ್ನು ಮನೆಮಾತು ಮಾಡಿತು. ಆ ದಾರಿಯಲ್ಲಿ ಎಲ್ಲೋ ಊರಿನ ಮಾತನ್ನು ಕಳಚಿಟ್ಟಿದ್ದ. 'ನಮ್ಮ ಕುಟುಂಬ ಜವಳಿ ಉದ್ಯಮದಲ್ಲಿದೆ' ಎಂದು ಅವನು ಪತ್ರಿಕೆಯವರಿಗೆ ಹೇಳಿದ್ದನ್ನು ಓದಿ ಎಡ್ನಾ ನಕ್ಕಿದ್ದಳು. ಸುಳ್ಳೇನಲ್ಲ, ಅದೇ ಉತ್ತರದ ಸೀಮೆಯ ನೆಲ್ಸನ್ ಊರಿನ ಮಿಲ್ಲಿನಲ್ಲಿ ಅವಳು ಇನ್ನೂ ಮಗ್ಗ ನಡೆಸುತ್ತಿದ್ದಳು. ನಕ್ಕು, ಆ ಹಾಳೆಯನ್ನು ಒಲೆ ಹಚ್ಚಲು ಬಳಸಿದ್ದಳು.

"ಹೀಗೆ ನಿಂತ್ರೆ ಮರ್ಯಾದೆ ಹೋಗತ್ತೆ!" ಎಂದು ನಿರ್ಮಾಪಕಿ ಮಿಸ್ ಪ್ರೆಂಡರ್‌ಗಾಸ್ಟ್ ಮೈಕಿನಲ್ಲಿ ಗದರಿದಳು. "ಆ ಮಗೂನ ಆಚೆ ಕಳಿಸಕ್ಕೆ ಹೇಳಿ. ಮುಂದಿನದಕ್ಕೆ ಹೋಗೋಣ."

ವಿಲ್ಫ್ ಕಳಿಸಲಿಲ್ಲ. ಹುಡುಗಿಯ ಎದುರು ಮಂಡಿಯೂರಿ ಕೂತ. ಬಾಯಿ ಅಗಲಿಸಿ, ತುಟಿಗಳನ್ನು ಹಿಗ್ಗಿಸಿ ಕುಗ್ಗಿಸಿ ಮಾತಾಡತೊಡಗಿದ. ಆದರೆ ಎಳ್ಳಷ್ಟೂ ಸದ್ದಿಲ್ಲ.

"ಅಯ್ಯೋ, ಧ್ವನಿ ಹೋಯ್ತು! ನೋಡ್ರೀ, ಬೇಗ!" ಮಿಸ್ ಪ್ರೆಂಡರ್‌ಗಾಸ್ಟ್ ಎದ್ದು ನಿಂತಳು. ಧ್ವನಿಯಂತ್ರದ ಮುಂದೆ ಕೂತಿದ್ದ ಹುಡುಗರು ಸಿಕ್ಕ ಸಿಕ್ಕ ಗುಬುಟುಗಳನ್ನೆಲ್ಲ ತಿರುಗಿಸಿದರು.

ಎಡ್ನಾಳಿಗೆ ಮಾತ್ರ ಒಂದೊಂದು ಮಾತೂ ತಿಳಿಯಿತು. ಮಗ್ಗಗಳ ಗದ್ದಲದಲ್ಲಿ ಎಷ್ಟು ಕೂಗಿದರೂ ಕೇಳದು. ಅದಕ್ಕೇ ಮಿಲ್ಲಿನ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ. ಬಸಿರಿನ ಸುದ್ದಿ, ಮೇಸ್ತ್ರಿಗೆ ಬೈಗುಳ, ಎಲ್ಲವೂ ಹಾಗೇ. ಆ ಮನೆಗಳ ಮಕ್ಕಳಿಗೂ ಅದು ತಾಯಿಯ ಹಾಲಿನೊಂದಿಗೇ ಬಂದಿರುತ್ತದೆ.

"ಅಂಜಬ್ಯಾಡವಾ," ಎನ್ನುತ್ತಿದ್ದವು ಮಗನ ತುಟಿಗಳು. "ಆ ಗಾಜಿನ ಹಿಂದ ಕುಂತಾರಲ್ಲ, ಅವರು ನಿನಗಿಂತ ಹೆಚ್ಚು ಅಂಜ್ಯಾರ."

ಬೆರಿಲ್‌ಳ ಕಣ್ಣು ಅರಳಿತು. ಅವಳ ತುಟಿಯೂ ಸದ್ದಿಲ್ಲದೆ ಆಡಿತು. "ನೀವು ನಮ್ಮ ಕಡಿಯವರೇನ್ರೀ?"

"ಹೂಂ. ನೆಲ್ಸನ್ ಊರಾಂವ."

"ಸುಳ್ಳ ಹೇಳ್ತೀರಿ. ಯಾರ ಮಗ?"

ಕ್ಯಾಮೆರಾ ಒಂದು ವಿಲ್ಫನ ಮುಖದ ಹತ್ತಿರಕ್ಕೇ ಸರಿದು ಬರುತ್ತಿತ್ತು. ಅವನು ಅದನ್ನು ನೋಡಿದ. ಎಡ್ನಾ ಅವನು ನೋಡಿದ್ದನ್ನು ನೋಡಿದಳು. ಮುಖ ಆಚೆ ತಿರುಗಿಸಿದ್ದರೆ ಟಿವಿ ನೋಡುವವರಿಗೆ ಆ ತುಟಿಗಳು ಕಾಣದೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ತಿರುಗಿಸಲಿಲ್ಲ.

"ಮಗ್ಗದ ಎಡ್ನಾನ ಮಗ," ಎಂದ, ಒಂದೊಂದು ಅಕ್ಷರವನ್ನೂ ಬಾಯಿತುಂಬ ಬಿಡಿಸಿ. "ಅಕಿ ದುಡಿಮಿ ಉಂಡು ಬೆಳದಾಂವ. ಈಗ ಕುಣಿ ನೋಡೂಣು, ಇವರ ಯಂತ್ರ ಎಲ್ಲಾ ಗಡಗಡ ನಡಗಬೇಕು!"

ಹುಡುಗಿ ಕಿಸಕ್ಕನೆ ನಕ್ಕಳು. ಮರುಕ್ಷಣ ಮರದ ಬೂಟು ಹಲಗೆಗೆ ಬಿತ್ತು. ಟಕ ಟಕ ಟಕಟಕ, ಮಗ್ಗದ ಲಾಳಿ ಆಚೀಚೆ ಓಡಿದ ಹಾಗೆ. "ಧ್ವನಿ ಬಂತು, ಧ್ವನಿ ಬಂತು!" ಎಂದು ಹುಡುಗರು ಕುರ್ಚಿಗೆ ಒರಗಿದರು. ಎಡ್ನಾ ಎರಡೂ ಕೈಗವಸುಗಳಿಂದ ಮುಖ ಒರೆಸಿಕೊಂಡಳು. ಎಷ್ಟು ಒರೆಸಿದರೂ ಸಾಲಲಿಲ್ಲ.

ಕಾರ್ಯಕ್ರಮ ಮುಗಿದಿತ್ತೋ ಇಲ್ಲವೋ, ಸಹಾಯಕಿಯೊಬ್ಬಳು ಓಡಿಬಂದಳು. "ಮೇಡಂ, ಉತ್ತರದ ಊರುಗಳಿಂದ ಒಂದೇ ಸಮನೆ ಫೋನು. ಬೀದಿ ಫೋನಿನ ಮುಂದೆ ಸಾಲು ನಿಂತಿದಾರಂತೆ."

"ಧ್ವನಿ ಕೆಟ್ಟಿದ್ದಕ್ಕೆ ಬೈತಿದಾರಾ?"

"ಯಾರೂ ಬೈತಿಲ್ಲ ಮೇಡಂ. ಎಲ್ಲಾ ಹೆಂಗಸ್ರೇ. ನಗ್ತಾರೆ, ಒಬ್ರಂತೂ ಅಳ್ತಾನೇ ಇದ್ರು. ಎಲ್ರೂ ಕೇಳೋದು ಒಂದೇ, ಎಡ್ನಾ ಯಾವ ಮಿಲ್ಲಿನೋಳು ಅಂತ."

"ಎಡ್ನಾ?" ಮಿಸ್ ಪ್ರೆಂಡರ್‌ಗಾಸ್ಟ್ ಸುತ್ತ ಇದ್ದವರ ಮುಖಗಳನ್ನು ನೋಡಿದಳು. "ಯಾರ್ರೀ ಅದು ಎಡ್ನಾ?"

ಮೂಲೆಯ ಕುರ್ಚಿ ಹಿಂದೆ ಸರಿಯಿತು. ಮುದುಕಿ ಎದ್ದು ನಿಂತು, ಟೋಪಿ ನೆಟ್ಟಗೆ ಮಾಡಿಕೊಂಡು, ನೂರು ಮಗ್ಗಗಳ ಆಚೆಗೂ ಮುಟ್ಟುವಂಥ ದನಿಯಲ್ಲಿ ಹೇಳಿದಳು:

"ನಾನ್ರೀ!"