ಹತ್ತು ಸೆಕೆಂಡಿನ ನೋವು

ನರ್ಸ್ ಸುವಾರ್ತಾ ನೋವಿನ ಪಟ್ಟಿಯ ಒಂದು ತುದಿಯನ್ನು ನೀಲವ್ವನ ಮಣಿಕಟ್ಟಿಗೆ ಕಟ್ಟಿ, ಇನ್ನೊಂದನ್ನು ತನ್ನ ಕೈಗೆ ಸುತ್ತಿಕೊಂಡಳು. ಆಪರೇಷನ್ ಆದವರ ನೋವನ್ನು ನರ್ಸ್ ಈ ಪಟ್ಟಿಯ ಮೂಲಕ ಹತ್ತು ಸೆಕೆಂಡು ತಾನೇ ಉಂಡು ಹತ್ತಕ್ಕೆ ಅಂಕ ಬರೆಯಬೇಕು. ಏಳು ದಾಟಿದರೆ ಮಾತ್ರ ಡಾಕ್ಟರ್ ಬರುತ್ತಾರೆ.

ಹತ್ತು ಸೆಕೆಂಡು ಕಳೆದರೂ ಸುವಾರ್ತಾಳಿಗೆ ಏನೂ ಅನಿಸಲಿಲ್ಲ.

"ಸೊನ್ನಿ ಬಂತ್ ನೋಡಬೇ."

"ನಿನ್ನ ಸೊನ್ನಿಗಿಷ್ಟು ಬೆಂಕಿ ಹಚ್ಚ! ಹೊಟ್ಟಿ ಹರದ್ಹೋಗಾಕತ್ತೈತಿ" ಎಂದಳು ನೀಲವ್ವ. ಅವಳ ತುಟಿ ಬಿಳಿಚಿತ್ತು.

ಸುವಾರ್ತಾಳ ನಾಲಿಗೆ ತನ್ನ ಹುಳುಕು ಹಲ್ಲನ್ನು ಮುಟ್ಟಿತು. ಅಲ್ಲೂ ನೋವಿರಲಿಲ್ಲ. ಬೆಳಿಗ್ಗೆ ಕದ್ದು ಮಾತ್ರೆ ನುಂಗಿದ್ದಳು. ನೋವಿನ ಮಾತ್ರೆ ನುಂಗಿ ಡ್ಯೂಟಿಗೆ ಬಂದ ನರ್ಸಿಗೆ ಮರುದಿನ ಕೆಲಸವಿರುವುದಿಲ್ಲ.

ಅವಳು ಗಂಟೆ ಒತ್ತಿದಳು.

"ಅಂಕ ಎಷ್ಟು?" ಸ್ಪೀಕರಿನಲ್ಲಿ ಡಾಕ್ಟರ್ ಕೇಳಿದರು.

"ಸೊನ್ನಿ ಸರ್. ಆದ್ರ ನಾ ಮಾತ್ರಿ ನುಂಗೀನ್ರಿ. ಲಗೂ ಬರ್ರಿ."