ದೊರೆಯ ನಾಲ್ಕನೆಯ ಗಾಯ

ನಾಲ್ಕನೆಯ ಗಾಯ ನೋಡಿದೊಡನೆ ಕಾಂಪೌಂಡರಮ್ಮನಿಗೆ ಖಾತ್ರಿಯಾಯಿತು. ಇದು ತಂತಿ ಗೀರಿದ್ದಲ್ಲ, ಗಾಜು ತಗುಲಿದ್ದಲ್ಲ. ಯಾರೋ ಕೊಯ್ದದ್ದು.

ಕೂಡಲೇ ಬಾಯಿ ಬಿಡಲಿಲ್ಲ. ಪ್ರಾಣಿಗಳ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಗಾಯ ಕಟ್ಟಿ ನಿವೃತ್ತಳಾದವಳು. ಮೊದಲು ಕೈ, ಆಮೇಲೆ ಮಾತು. ನಾಯಿಯನ್ನು ಚಾಪೆಯ ಮೇಲೆ ಮಲಗಿಸಿ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ, ಗಾಯದ ಒಳಗಿನಿಂದ ಹೊರಕ್ಕೆ ಒರೆಸಿದಳು. ದೊರೆ ಕುಂಯ್ ಎಂದಿತು.

“ಅಯ್ಯೋ ನನ್ ಕಂದ! ನನ್ ಬಂಗಾರ!” ಆ ಮನೆಯ ಅಕ್ಕತಂಗಿಯರಲ್ಲಿ ಅಕ್ಕ ಅದರ ತಲೆಯನ್ನು ಮಡಿಲಿಗೆಳೆದುಕೊಂಡಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಬಟ್ಟೆ ಹೊಲಿಸಲು ಬಂದವರನ್ನೂ ಹೊಸ್ತಿಲಾಚೆಯೇ ನಿಲ್ಲಿಸಿ ಅಳತೆ ತೆಗೆಯುವ ಹೆಂಗಸು ಅವಳು. ನಾಯಿಗೆ ಗಾಯವಾದರೆ ಮಾತ್ರ ಬೀದಿಯ ಕೊನೆಯವರೆಗೆ ಓಡಿಬಂದು ಕಾಂಪೌಂಡರಮ್ಮನ ಕೈ ಹಿಡಿದು ಒಳಗೆ ಕರೆತರುತ್ತಿದ್ದಳು.

ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ತಂಗಿ ಏಳಲಿಲ್ಲ. ಅವಳು ಏಳುವುದೇ ಇಲ್ಲ. ನಾಲ್ಕು ಸಲವೂ ಒಂದು ಕಾಲು ಚಾಚಿ, ಲಂಗವನ್ನು ಪಾದ ಮುಚ್ಚುವಂತೆ ಇಳಿಬಿಟ್ಟು, ಮಹಾರಾಣಿಯ ಹಾಗೆ ಕೂತೇ ಇದ್ದಳು. ನೀರು ಬೇಕೆಂದರೆ ಅಕ್ಕನೇ ಓಡಬೇಕು. ಆದರೂ ದೊರೆಗೆ ಅವಳೆಂದರೆ ಪ್ರಾಣ. ಕೈ ಸಡಿಲಿಸಿದರೆ ಸಾಕು, ಹೋಗಿ ಅವಳ ಲಂಗದ ಅಂಚು ನೆಕ್ಕುತ್ತ ಕೂರುತ್ತಿತ್ತು. ಪಾಪದ ಪ್ರಾಣಿ. ಕೊಯ್ದ ಕೈ ಯಾವುದು ಎಂದು ಅದಕ್ಕೇನು ಗೊತ್ತು?

“ಹೋದ ಗುರುವಾರ ಕೊಟ್ಟ ಔಷಧಿ ತನ್ನಿ.”

“ಮುಗೀತಂತೆ,” ಎಂದಳು ಅಕ್ಕ.

“ಎರಡು ಅಂಗುಲದ ಗೀರಿಗೆ ಹದಿನೈದು ದಿನಕ್ಕಾಗೋಷ್ಟು ಕೊಟ್ಟಿದ್ದೆ. ದೊರೆ ಏನು ಕುಡಿದುಬಿಟ್ನಾ?”

“ಚೆಲ್ಲಿಹೋಯ್ತು,” ಎಂದಳು ತಂಗಿ, ಸೂಜಿಯಿಂದ ಕಣ್ಣೆತ್ತದೆ.

“ಬ್ಯಾಂಡೇಜೂ ಚೆಲ್ಲಿಹೋಯ್ತಾ ತಾಯಿ?”

ಕಾಂಪೌಂಡರಮ್ಮ ತನ್ನ ಚೀಲದಿಂದ ಹೊಸ ಸೀಸೆ ತೆಗೆದಳು. ಕಂದು ಔಷಧಿಯನ್ನು ನೀರಿಗೆ ಬೆರೆಸಿ, ತಿಳಿ ಚಹಾದ ಬಣ್ಣಕ್ಕೆ ತಂದಳು. ಕೋಣೆಯಲ್ಲೆಲ್ಲೋ ಕೀವಿನ ವಾಸನೆ. ಬಗ್ಗಿ ದೊರೆಯ ಗಾಯ ಮೂಸಿದಳು. ಶುದ್ಧವಾಗಿತ್ತು. ಹಳೆಯ ಮೂರೂ ಮಾಗಿದ್ದವು: ಮುಂಗಾಲಿನದು, ಕಿವಿಯದು, ಬೆನ್ನಿನದು. ಯಾವುದೂ ಚರ್ಮದ ಕೆಳಗೆ ಇಳಿದಿರಲಿಲ್ಲ.

“ಪಟ್ಟಿ ಬಿಗಿಯಾಗಬಾರದು, ಕೆಳಗೆ ಎರಡು ಬೆರಳು ತೂರಬೇಕು. ಒದ್ದೆಯಾದ್ರೆ ಬದಲಾಯಿಸಿ. ನೆಕ್ಕೋಕೆ ಬಿಡಬೇಡಿ.”

“ಪಟ್ಟಿ ಅಂಟಿಕೊಂಡ್ರೆ?” ತಂಗಿ ಕೇಳಿದಳು. ಅವಳು ತಾನಾಗಿ ಬಾಯಿ ತೆರೆಯುತ್ತಿದ್ದುದು ಇಂಥ ಪ್ರಶ್ನೆಗೆ ಮಾತ್ರ. “ಕಿತ್ರೆ ಚರ್ಮಾನೂ ಬಂದ್ರೆ?”

“ಈ ಪುಟ್ಟ ಗಾಯಕ್ಕೆ ಅದೆಲ್ಲ ಯಾಕಾಗುತ್ತೆ? ನೀನು ಸುಮ್ನಿದ್ರೆ ಇದು ನಾಕು ದಿನದಲ್ಲಿ ಮಾಯುತ್ತೆ.”

ಸೂಜಿ ನಿಂತಿತು.

ಕಾಂಪೌಂಡರಮ್ಮ ಅಕ್ಕನ ಕಡೆ ತಿರುಗಿದಳು. “ಇಲ್ಲಿ ನೋಡಿ. ಗೀರಿನ ಎರಡೂ ಕಡೆ ಕೂದಲನ್ನ ನೀಟಾಗಿ ಕತ್ತರಿಸಿದ್ದಾರೆ. ಕತ್ತರಿಸಿ, ಆಮೇಲೆ ಕೊಯ್ದಿದ್ದಾರೆ. ತಂತಿಗೆ ಇಷ್ಟು ಬುದ್ಧಿ ಇರಲ್ಲ. ಬೆಳಿಗ್ಗೆ ಮನೇಲಿ ಯಾರಿದ್ರು?”

ಅಕ್ಕನ ಮುಖ ಬಿಳಚಿಕೊಂಡಿತು. “ನಾನು ಗುಂಡಿ ತರೋಕೆ ಹೋಗಿದ್ದೆ. ಇನ್ಯಾರಿರ್ತಾರೆ? ಇವಳೇ.”

ಇಬ್ಬರೂ ಅವಳನ್ನೇ ನೋಡಿದರು. ತಂಗಿ ತುಟಿ ಕಚ್ಚಿಕೊಂಡಳು. ಕಾಂಪೌಂಡರಮ್ಮನನ್ನು ನೋಡಿದಳು, ಆಮೇಲೆ ಅಕ್ಕನನ್ನು, ಮತ್ತೆ ಕಾಂಪೌಂಡರಮ್ಮನನ್ನು.

“ಆಳವಾಗಿ ಕೊಯ್ದಿಲ್ಲ,” ಎಂದಳು.

ಕಾಂಪೌಂಡರಮ್ಮನಿಗೆ ಪಿತ್ತ ನೆತ್ತಿಗೇರಿತು. ಆಸ್ಪತ್ರೆಯಲ್ಲಿ ಬಾಲ ಕತ್ತರಿಸಿದ ನಾಯಿಗಳನ್ನು ಕಂಡಿದ್ದಳು, ಬಿಸಿನೀರು ಎರಚಿಸಿಕೊಂಡ ಬೆಕ್ಕುಗಳನ್ನು ಕಂಡಿದ್ದಳು. ಮಾಡಿದವರ ಮುಖ ಮಾತ್ರ ಕಂಡಿರಲಿಲ್ಲ. ಇವತ್ತು ಕಂಡಳು.

“ಕೈಗೆ ಸಿಕ್ಕಿದ ಮೂಕಪ್ರಾಣಿ ಅಲ್ವಾ! ನಿನಗೆ ಯಾರಾದ್ರೂ ಹೀಗೆ ಮಾಡಿದ್ರೆ ಗೊತ್ತಾಗ್ತಿತ್ತು!”

ತಂಗಿ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಮೆಲ್ಲಗೆ ಕೆಮ್ಮಿದಳು. ಬಾಯಿ ಮುಚ್ಚಿತು.

“ಈ ನಾಯೀನ ಇಲ್ಲಿ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ,” ಎಂದಳು ಕಾಂಪೌಂಡರಮ್ಮ. “ಇವತ್ತು ಚರ್ಮ, ನಾಳೆ ಕತ್ತು.”

ಅಕ್ಕ ಬಹಳ ಹೊತ್ತು ದೊರೆಯ ಬೆನ್ನು ಸವರಿದಳು. ಕೊನೆಗೆ ಅದರ ಹಣೆಗೆ ಮುತ್ತಿಟ್ಟು, ಬೆಲ್ಟು ಕಾಂಪೌಂಡರಮ್ಮನ ಕೈಗಿತ್ತಳು. “ಕರ್ಕೊಂಡು ಹೋಗಿ. ನನ್ ಮಗು ಎಲ್ಲಾದ್ರೂ ಚೆನ್ನಾಗಿರ್ಲಿ. ಇವಳಿಂದ ಅದನ್ನೂ ಕಳ್ಕೊಂಡೆ.”

“ನಿಮ್ಮ ಕರುಳು ದೊಡ್ಡದು. ಆದ್ರೆ ಇವಳನ್ನ ಸುಮ್ನೆ ಬಿಡಬೇಡಿ. ನೋವು ಅಂದ್ರೆ ಏನು ಅಂತ ಇವಳಿಗೂ ತಿಳೀಬೇಕು.”

“ತಿಳಿಸ್ತೀನಿ,” ಎಂದಳು ಅಕ್ಕ.

ಬಾಗಿಲ ಬಳಿ ಹಿಂದಿನಿಂದ ತಂಗಿಯ ದನಿ ಕೇಳಿತು. “ಕಾಂಪೌಂಡರಮ್ಮ, ನಾಯಿ ಹೋಗ್ಲಿ. ಔಷಧಿ ಮಾತ್ರ ಇಟ್ಟು ಹೋಗಿ.”

ಎಂಥ ಕಲ್ಲೆದೆ! ಕಾಂಪೌಂಡರಮ್ಮ ಸೀಸೆಯನ್ನೂ ಬ್ಯಾಂಡೇಜಿನ ಸುರುಳಿಯನ್ನೂ ಬೇಕೆಂದೇ ಅವಳ ಕಣ್ಣೆದುರು ಚೀಲಕ್ಕೆ ತುರುಕಿದಳು. “ಯಾರಿಗೆ? ಇನ್ನು ಈ ಮನೇಲಿ ನಾಯಿ ಇಲ್ವಲ್ಲ.”

ದೊರೆ ಬರಲೊಲ್ಲದು. ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗಿತು. ಎತ್ತಿಕೊಂಡೇ ಬೀದಿಗಿಳಿಯಬೇಕಾಯಿತು. ಒಂದು ಜೀವ ಉಳಿಸಿದೆ ಎಂಬ ಸಮಾಧಾನದಲ್ಲಿ ಅದರ ಭಾರ ಅವಳಿಗೆ ತಿಳಿಯಲಿಲ್ಲ.

ಒಳಗೆ ಅಕ್ಕ ಅಗುಳಿ ಹಾಕಿದಳು. ತಂಗಿ ಏಳಲಿಲ್ಲ. ಮೊಣಕಾಲಿನಿಂದ ಪಾದದವರೆಗೆ ಸುಟ್ಟು ಕೀವುಗಟ್ಟಿ, ದೊರೆಯ ಹೆಸರಿನಲ್ಲಿ ಬಂದ ಬ್ಯಾಂಡೇಜನ್ನೆಲ್ಲ ಸುತ್ತಿಕೊಂಡಿದ್ದ ಕಾಲಿನಲ್ಲಿ ಏಳಲು ಬರುತ್ತಿರಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಚುಚ್ಚಿದಳು. “ಇನ್ನೊಂದು ಕಾಲು ಚಾಚು,” ಎಂದಳು.